ಗಟ್ಟಿಮೇಳ ನಿಂತ ಮದುವೆ

2016ರಲ್ಲಿ ನಾನು ಹಲಸೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಸೆಕೆಂಡ್ ಕ್ಯಾಮೆರಾ ಆಗಿದ್ದೆ. ಹಾಗೆಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ. ಮದುವೆಯಲ್ಲಿ ಹೆಣ್ಣು ಗಂಡಿನ ಎದುರು ನಿಂತು ಮುಖ್ಯ ಫೋಟೋಗಳನ್ನು ತೆಗೆಯುವವರು ಮೇನ್ ಕ್ಯಾಮೆರಾ. ಪಕ್ಕದಲ್ಲಿ, ಹಿಂದೆ, ಊಟದ ಪಂಕ್ತಿಯಲ್ಲಿ ಸುತ್ತಾಡಿ ಮಿಕ್ಕಿದ್ದನ್ನೆಲ್ಲ ತೆಗೆಯುವವರು ಸೆಕೆಂಡ್ ಕ್ಯಾಮೆರಾ. ಮೇನ್ ಕ್ಯಾಮೆರಾದವರ ಹೆಸರು ಜನರ ನೆನಪಿನಲ್ಲಿ ಉಳಿಯುತ್ತದೆ. ನಾಳೆ ಅವರು ಸ್ವಂತ ಬೋರ್ಡ್ ಹಾಕಿದರೆ ಅದೇ ಜನ ಹುಡುಕಿಕೊಂಡು ಬರುತ್ತಾರೆ. ಸೆಕೆಂಡ್ ಕ್ಯಾಮೆರಾದವರಿಗೆ ಜನ ಹೇಳುವುದು ಒಂದೇ ಮಾತು, ‘ಸ್ವಲ್ಪ ಪಕ್ಕಕ್ಕೆ ಬನ್ನಿ.’

ಆಗ ನನಗೆ ಮೂವತ್ತೊಂದು ವರ್ಷ. ಅದೇ ಸ್ಟುಡಿಯೋದಲ್ಲಿ ಆರು ವರ್ಷ ಕಂಪ್ಯೂಟರಿನ ಮುಂದೆ ಕೂತು ಆಲ್ಬಮ್ ಡಿಸೈನ್ ಮಾಡಿದ್ದವಳು. ಬೇರೆಯವರು ತೆಗೆದ ಮದುವೆಗಳನ್ನು ಜೋಡಿಸಿ ಜೋಡಿಸಿ ಸಾಕಾಗಿ, ನನಗೂ ಕ್ಯಾಮೆರಾ ಕಲಿಸಿ ಎಂದು ಮಾಲೀಕರನ್ನು ಕೇಳಿದೆ. ಅವರ ಹೆಸರು ಕನಕರಾಜ್. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದು ಹಲಸೂರು, ಕನ್ನಡ ನನಗಿಂತ ಜೋರು. ನಾವೆಲ್ಲ ಅವರನ್ನು ಮಾಸ್ಟರ್ ಎನ್ನುತ್ತಿದ್ದೆವು. ‘ಕಲಿಸ್ತೀನಮ್ಮಾ ರೇವತಿ, ಆದ್ರೆ ಸೋಮವಾರ ಅಳಬಾರ್ದು’ ಎಂದರು.

ಸೋಮವಾರ ಮದುವೆಗಳು ಕಡಿಮೆ. ಹಾಗಾಗಿ ಆ ಬೆಳಿಗ್ಗೆ ಒಳಗಿನ ಕೋಣೆಯಲ್ಲಿ ವಾರದ ಫೋಟೋಗಳನ್ನೆಲ್ಲ ಟಿ.ವಿ.ಗೆ ಹಾಕುತ್ತಿದ್ದರು. ಸ್ಟುಡಿಯೋದ ಕ್ಯಾಮೆರಾದವರೆಲ್ಲ ಟೀ ಹಿಡಿದು ಕೂರಬೇಕು, ರಿಮೋಟ್ ಮಾಸ್ಟರ್ ಕೈಯಲ್ಲಿ. ನಾವು ಅದಕ್ಕೆ ಇಟ್ಟಿದ್ದ ಹೆಸರು ಪೋಸ್ಟ್‌ಮಾರ್ಟಮ್.

ನನ್ನ ಮೊದಲ ಸೋಮವಾರವೇ ನನ್ನ ಮಾನ ಹರಾಜಾಯಿತು. ‘ಏನಮ್ಮಾ ಇದು, ಮದುಮಗನ ತಲೆ ಮೇಲೆ ಫ್ಯಾನ್ ಬೆಳೆದಿದೆ? ಸ್ವಿಚ್ ಹಾಕಿದ್ರೆ ಹಾರೋಗ್ತಾನಾ?’ ಎಲ್ಲರೂ ನಕ್ಕರು. ಮುಂದಿನದು ಹೆಣ್ಣಿನ ತಾಯಿ ಆರತಿ ತಟ್ಟೆ ಹಿಡಿದು ನಡೆದು ಬರುವ ಚಿತ್ರ. ಕ್ಯಾಮೆರಾದ ಬಾಗಿಲು ತೆರೆದಿರುವ ಹೊತ್ತಿಗೆ ಶಟರ್ ಸ್ಪೀಡ್ ಎನ್ನುತ್ತಾರೆ. ಹೆಚ್ಚು ಹೊತ್ತು ತೆರೆದಿದ್ದರೆ ನಡೆಯುವವರು ಕಲಸಿಹೋಗುತ್ತಾರೆ. ‘ಇದು ಹುಡುಗಿ ತಾಯಿನೋ, ದೆವ್ವಾನೋ?’ ಎಂದರು. ಮತ್ತೆ ನಗು. ನಾನು ಕಾರಣ ಹೇಳಲು ಹೋದೆ. ಅಲ್ಲಿ ಬೆಳಕು ಕಡಿಮೆ ಇತ್ತು ಮಾಸ್ಟರ್, ಯಾರೋ ತಳ್ಳಿದರು ಮಾಸ್ಟರ್ ಎಂದೆ. ಅವರು ರಿಮೋಟ್ ಕೆಳಗಿಟ್ಟು ನನ್ನ ಕಡೆ ತಿರುಗಿದರು.

‘ಆಲ್ಬಮ್ ಜೊತೆ ನಿನ್ನೂ ಬೈಂಡ್ ಮಾಡಿ ಕಳ್ಸ್ಲಾ? ಪುಟ ಪುಟಕ್ಕೂ ನಿಂತ್ಕೊಂಡು ಕಾರಣ ಹೇಳ್ತೀಯಾ?’

ಬೈಯಪ್ಪನಹಳ್ಳಿಯ ಮನೆಗೆ ಹೋಗಿ ಅತ್ತುಬಿಟ್ಟೆ. ಅಮ್ಮ ಅಕ್ಕಿ ಆರಿಸುತ್ತಾ, ‘ಬೈಸ್ಕೊಳಕ್ಕೆ ಹಲಸೂರಿಗ್ಯಾಕೆ ಹೋಗ್ತೀಯೇ, ಮನೇಲಿ ನಾನಿಲ್ವಾ?’ ಎಂದರು. ನಗುವೂ ಬಂತು, ಸಿಟ್ಟೂ ಬಂತು.

ಆದರೆ ಒಂದು ಮಾತನ್ನು ಒಪ್ಪಲೇಬೇಕು, ಒಪ್ಪಲು ನನಗೆ ಈಗಲೂ ಇಷ್ಟವಿಲ್ಲ. ಮಾಸ್ಟರ್ ಹೇಳಿದ್ದು ಬಹುಪಾಲು ಸರಿಯಾಗಿತ್ತು. ಫ್ಯಾನ್ ತಲೆಯ ಮೇಲೆಯೇ ಇತ್ತು. ಇನ್ನೊಂದು ಸೋಮವಾರ ಅವರು ಬೈದ ಹಾಗೆ, ಬಿಳಿ ರೇಷ್ಮೆ ಪಂಚೆ ಬೆಳಕು ಹೆಚ್ಚಾಗಿ ನನ್ನ ಫೋಟೋದಲ್ಲಿ ಸುಣ್ಣದ ಗೋಡೆಯಂತೆಯೇ ಇತ್ತು. ಒಂದೂವರೆ ವರ್ಷದಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೇಳುವುದನ್ನು ಕಲಿತೆ. ಏನೇ ಅಂದರೂ ‘ಸರಿ ಮಾಸ್ಟರ್’ ಎನ್ನುವುದು, ತಿದ್ದಿಕೊಳ್ಳುವುದು. ಫೋಟೋ ಸುಧಾರಿಸಿತು. ಜೊತೆಗೆ ತಲೆ ತಗ್ಗಿಸುವುದೂ ಅಭ್ಯಾಸವಾಗಿಬಿಟ್ಟಿತು. ಯಾರಾದರೂ ಗದರಿದರೆ ಸಾಕು, ವಿಷಯ ಏನೆಂದು ತಿಳಿಯುವ ಮೊದಲೇ ನನ್ನ ಬಾಯಿಂದ ‘ಸಾರಿ’ ಬರುತ್ತಿತ್ತು.

ಆ ವೈಶಾಖದಲ್ಲಿ ಕೆ.ಆರ್. ಪುರದ ಹಳೆಯ ಕುಟುಂಬವೊಂದರ ಮದುವೆ ಬಂತು. ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ಅದೇ ಹೊಲದ ಮೇಲೆ ನಾಲ್ಕಂತಸ್ತು ಕಟ್ಟಿ ಬಾಡಿಗೆಗೆ ಬಿಟ್ಟಿದ್ದವರು. ಮನೆಯಲ್ಲಿ ನಡೆಯುವುದು ಮಾತ್ರ ಅಜ್ಜಿಯ ಮಾತು. ಮೊದಲು ಮೊಮ್ಮಗಳ ಮದುವೆ, ಶ್ರಾವಣದಲ್ಲಿ ಮೊಮ್ಮಗನದು. ಮಾಸ್ಟರ್ ನನ್ನನ್ನು ಕರೆದು, ‘ಇದು ಸರಿಯಾಗಿ ಮಾಡು. ಶ್ರಾವಣದ ಮದುವೆಗೆ ನೀನೇ ಮೇನ್ ಕ್ಯಾಮೆರಾ’ ಎಂದರು. ಅಂದು ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಮ್ಮನಿಗೆ ಹೇಳಿದೆ, ಪಕ್ಕದ ಮನೆಯವರಿಗೂ ಹೇಳಿದೆ.

ನಮ್ಮ ಕಡೆಯ ಮದುವೆಗಳಲ್ಲಿ ತಾಳಿ ಕಟ್ಟುವ ಕ್ಷಣಕ್ಕೆ ಡೋಲು, ನಾಗಸ್ವರ ಎರಡನ್ನೂ ಒಟ್ಟಿಗೆ ಜೋರಾಗಿ ನುಡಿಸುತ್ತಾರೆ. ಅದು ಗಟ್ಟಿಮೇಳ. ಆ ಹೊತ್ತಿನಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂಬ ಶಾಸ್ತ್ರ. ಫೋಟೋದವರು ಇದರೊಳಗೆ ತಮ್ಮದೂ ಒಂದು ಶಾಸ್ತ್ರ ಸೇರಿಸಿದ್ದಾರೆ. ವರ ತಾಳಿಯನ್ನು ಕೊರಳ ಬಳಿ ಒಯ್ದ ಕೂಡಲೇ, ‘ಹಾಗೇ ಹಿಡ್ಕೊಳಿ ಸರ್, ಇಬ್ರೂ ಈ ಕಡೆ ನೋಡಿ’ ಎನ್ನುತ್ತಾರೆ. ಪುರೋಹಿತರು ಗೊಣಗುತ್ತಾರೆ, ಜನ ಅಕ್ಷತೆ ಎಸೆಯುತ್ತಲೇ ಇರುತ್ತಾರೆ, ಎರಡು ಕ್ಲಿಕ್ ಆದ ಮೇಲೆ ಗಂಟು ಬೀಳುತ್ತದೆ. ಮಾಸ್ಟರ್ ಈ ಫೋಟೋಗೆ ಹೆಸರುವಾಸಿ.

ಅಂದೂ ನಿಲ್ಲಿಸಿದರು. ವರ ತಾಳಿ ಹಿಡಿದು ಕ್ಯಾಮೆರಾ ನೋಡಿ ನಕ್ಕ. ಮಾಸ್ಟರ್ ಕ್ಲಿಕ್ ಮಾಡಿದರು, ಲೈಟ್ ಹೊತ್ತಲಿಲ್ಲ. ಸ್ಟ್ಯಾಂಡಿನ ಮೇಲಿರುವ ಲೈಟುಗಳನ್ನು ಹೊತ್ತಿಸಲು ಕ್ಯಾಮೆರಾದ ತಲೆಯ ಮೇಲೆ ಟ್ರಿಗರ್ ಎಂಬ ಸಣ್ಣ ಪೆಟ್ಟಿಗೆ ಕೂರಿಸುತ್ತೇವೆ. ಅವರ ಟ್ರಿಗರಿನ ಬ್ಯಾಟರಿ ಸತ್ತಿತ್ತು. ‘ಒಂದ್ನಿಮಿಷ ಸರ್, ಬಿಡ್ಬೇಡಿ, ಹಾಗೇ ಇರಿ’ ಎಂದು ಜೇಬು ತಡಕತೊಡಗಿದರು. ನಾಗಸ್ವರದವರು ಊದಿ ಊದಿ ಉಸಿರು ಸಾಲದೆ ನಿಲ್ಲಿಸಿದರು. ಡೋಲಿನವರು ಒಬ್ಬರನ್ನೊಬ್ಬರು ನೋಡಿ ತಾವೂ ನಿಲ್ಲಿಸಿದರು. ಅಕ್ಷತೆ ಖಾಲಿಯಾಗಿತ್ತು. ಅಷ್ಟು ದೊಡ್ಡ ಛತ್ರದಲ್ಲಿ ಒಂದು ಸದ್ದಿಲ್ಲ.

ಆ ಮೌನದಲ್ಲಿ ವರ ಇನ್ನು ಕಾಯಲಾರದೆ ಬಗ್ಗಿ ಗಂಟು ಹಾಕಿದ. ನಾನು ಎಡಗಡೆ, ಹೆಣ್ಣಿನ ತಾಯಿಯ ಪಕ್ಕದಲ್ಲಿದ್ದೆ. ತಾಯಿ ಮಗಳ ಜಡೆ ಎತ್ತಿ ಹಿಡಿದಿದ್ದಳು. ಮಗಳು ಕಣ್ಣು ಮುಚ್ಚಿದ್ದಳು. ವರ ನಾಲಿಗೆ ಕಚ್ಚಿಕೊಂಡು ಗಂಟು ಬಿಗಿಯುತ್ತಿದ್ದ. ಮೂವರಿಗೂ ಕ್ಯಾಮೆರಾ ಮರೆತೇಹೋಗಿತ್ತು. ಕಿಟಕಿಯ ಬೆಳಕು ಸಾಕಾಗಿತ್ತು. ನಾನು ತೆಗೆದೆ. ಮಾಸ್ಟರ್ ಆಗಿನ್ನೂ ಬ್ಯಾಟರಿ ಹಾಕುತ್ತಿದ್ದರು. ಆಗಲೇ ಜನರ ನಡುವೆ ಯಾರೋ ಸೀನಿದರು, ಇಡೀ ಛತ್ರಕ್ಕೆ ಕೇಳುವಂತೆ.

ಅಜ್ಜಿ ಮುಂದಿನ ಕುರ್ಚಿಯಿಂದ ಎದ್ದು ಮಂಟಪಕ್ಕೇ ಬಂದುಬಿಟ್ಟರು. ಕಣ್ಣಲ್ಲಿ ನೀರು ತುಂಬಿತ್ತು. ‘ಮೇಳ ನಿಂತು ಸೀನು ಬಿತ್ತಲ್ರೋ! ನನ್ ಮೊಮ್ಮಗಳ ತಾಳಿ ಹೊತ್ನಲ್ಲಿ! ಯಾರೋ ಅದು ನಿಲ್ಸಿದ್ದು?’

ಮಾಸ್ಟರ್ ಒಂದು ಕ್ಷಣವೂ ತಡೆಯಲಿಲ್ಲ. ನನ್ನ ಕಡೆ ಕೈ ತೋರಿಸಿದರು. ‘ಹೊಸ ಹುಡುಗಿ ಅಜ್ಜಿ, ಇನ್ನೂ ಕಲೀತಿದಾಳೆ. ಲೈಟ್ ಸರಿಯಾಗಿ ಸೆಟ್ ಮಾಡಿರ್ಲಿಲ್ಲ.’

ಮಂಟಪದ ಮೇಲಿದ್ದವರೆಲ್ಲ ನನ್ನನ್ನು ನೋಡಿದರು. ‘ಹಾಗೇ ಇರಿ’ ಎಂದ ದನಿ ಮೇಳದ ಗದ್ದಲದಲ್ಲಿ ಮಿಕ್ಕವರಿಗೆ ಕೇಳಿರಲಿಲ್ಲ, ಯಾರದೆಂದು ವರನಿಗೆ ಗೊತ್ತಿತ್ತು. ಆದರೆ ಆಗಷ್ಟೇ ಅಳಿಯನಾದವನು ಆ ಮನೆಯ ಅಜ್ಜಿಯ ಎದುರು ಬಾಯಿ ಬಿಡುತ್ತಾನೆಯೇ? ನನ್ನ ಬಾಯಿ ಬಿಟ್ಟುಕೊಂಡಿತು. ಒಂದೂವರೆ ವರ್ಷದ ಅಭ್ಯಾಸ.

‘ಸಾರಿ ಅಜ್ಜಿ’ ಎಂದೆ.

ವಾಪಸು ಬರುವಾಗ ವ್ಯಾನಿನಲ್ಲಿ ಕೇಳಿದೆ, ‘ಯಾಕ್ ಮಾಸ್ಟರ್ ಹಂಗಂದ್ರಿ?’ ಅವರು ಕಿಟಕಿಯ ಹೊರಗೆ ನೋಡುತ್ತಲೇ ಉತ್ತರ ಕೊಟ್ಟರು. ‘ನಿಂಗೇನಮ್ಮಾ ಹೋಯ್ತು? ಹೊಸಬ್ರು ತಪ್ಪು ಮಾಡಿದ್ರೆ ಜನ ಕ್ಷಮಿಸ್ತಾರೆ. ನನ್ ಹೆಸರು ಕೆಟ್ರೆ ಸ್ಟುಡಿಯೋನೇ ಮುಚ್ಬೇಕು. ಆಮೇಲೆ ನಿನ್ ಸಂಬಳ ಯಾರ್ ಕೊಡ್ತಾರೆ?’

ಸೋಮವಾರ ಆ ಫೋಟೋ ಟಿ.ವಿ.ಯಲ್ಲಿ ಬಂತು. ಕೋಣೆಯಲ್ಲಿ ಯಾರೂ ನಗಲಿಲ್ಲ. ಮಾಸ್ಟರ್ ಅದನ್ನು ಬಹಳ ಹೊತ್ತು ನೋಡಿದರು. ಹುಳುಕು ಹುಡುಕುತ್ತಿದ್ದರೋ ಏನೋ. ಕೊನೆಗೆ ‘ಮುಂದಿನದು’ ಎಂದರು. ಅಷ್ಟೆ. ತಾಳಿ ಕಟ್ಟಿದ ಫೋಟೋ ಅದೊಂದೇ ಇದ್ದದ್ದರಿಂದ ಆಲ್ಬಮ್ಮಿನ ನಡುವೆ ಎರಡು ಪುಟ ತುಂಬ ಅದನ್ನೇ ಹಾಕುವಂತೆ ಹೇಳಿದರು. ನಾನೇ ಕೂತು ಹಾಕಿದೆ.

ಆಲ್ಬಮ್ ಕೊಡುವ ದಿನ ನನ್ನನ್ನೂ ಕರೆದೊಯ್ದರು. ‘ಅಜ್ಜಿಗೆ ಇನ್ನೊಂದ್ಸಲ ಸಾರಿ ಹೇಳು, ಶ್ರಾವಣದ ಮದ್ವೆ ನಿಂಗೇ ಕೊಡ್ಸ್ತೀನಿ’ ಎಂದರು. ಆ ಆಸೆಗೆ ಹೋದೆ. ಅಜ್ಜಿ ಆಲ್ಬಮ್ಮಿಗೆ ಕುಂಕುಮ ಇಟ್ಟು, ತೊಡೆಯ ಮೇಲಿಟ್ಟುಕೊಂಡು ಪುಟ ತಿರುಗಿಸತೊಡಗಿದರು. ನಡುವಿನ ಪುಟಕ್ಕೆ ಬಂದು ಕೈ ನಿಂತಿತು. ಸೊಸೆಯ ಮುಖವನ್ನು, ಮೊಮ್ಮಗಳ ಮುಚ್ಚಿದ ಕಣ್ಣನ್ನು ಬೆರಳಿನಿಂದ ಸವರಿದರು. ಆ ದಿನದ ಸಂಕಟವೆಲ್ಲ ಅವರ ಮುಖದಿಂದ ಇಳಿದುಹೋಯಿತು. ನನ್ನ ಜೀವಮಾನದಲ್ಲಿ ನನ್ನ ಫೋಟೋವನ್ನು ಯಾರೂ ಹಾಗೆ ನೋಡಿರಲಿಲ್ಲ.

ಆಮೇಲೆ ತಲೆ ಎತ್ತಿ ನನ್ನನ್ನು ಕರೆದರು. ‘ಬಾಮ್ಮ ಇಲ್ಲಿ. ನೋಡಿ ಕಲ್ತ್ಕೋ. ನೀನ್ ಅಷ್ಟು ಎಡವಟ್ಟು ಮಾಡಿದ್ರೂ ನಿಮ್ ಮಾಸ್ಟರ್ ಹೆಂಗ್ ತೆಗ್ದವ್ರೆ ನೋಡು.’

ನಾನು ಮಾಸ್ಟರ್ ಕಡೆ ನೋಡಿದೆ. ಈಗಾದರೂ ಹೇಳುತ್ತಾರೆ ಎಂದುಕೊಂಡೆ, ದೇವರಾಣೆಗೂ ಅಂದುಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು, ‘ಅನುಭವ ಅಜ್ಜಿ’ ಎಂದರು.

ನಾನು ಆ ಪುಟದ ಮೇಲೆ ಬೆರಳಿಟ್ಟೆ. ‘ಅಜ್ಜಿ, ಈ ಫೋಟೋ ತೆಗ್ದಿದ್ದು ನಾನು. ಅವತ್ತು ಲೈಟ್ ಕೆಟ್ಟಿದ್ದೂ ನನ್ನಿಂದಲ್ಲ. ನಿಲ್ಸಿದ್ದು ಮಾಸ್ಟರ್’ ಎಂದೆ. ಈ ಸಲ ಪೂರ್ತಿ ಹೇಳಿದೆ.

ಅಜ್ಜಿ ಮಾಸ್ಟರನ್ನು ನೋಡಿದರು. ಮಾಸ್ಟರ್, ಪಾಪ ಹುಡುಗಿ ಎನ್ನುವಂತೆ ನಕ್ಕು ತಲೆಯಾಡಿಸಿದರು. ಅಜ್ಜಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಬೇಸರವಿತ್ತು.

‘ಅವತ್ತು ಸಾರಿ ಅಂದಿದ್ದು ನೀನೇ ತಾನೆ? ತಪ್ಪು ಮಾಡಿದ್ರೂ ಪರ್ವಾಗಿಲ್ಲ ಕಣಮ್ಮ. ವಿದ್ಯೆ ಕಲ್ಸಿದೋರ ಮೇಲೆ ಗೂಬೆ ಕೂರಿಸ್ಬಾರ್ದು.’

ಶ್ರಾವಣದ ಮದುವೆಗೆ ಆ ಹುಡುಗಿ ಬರಕೂಡದು ಎಂದು ಆ ಮನೆಯಿಂದ ಫೋನ್ ಬಂತು. ಮಾಸ್ಟರ್ ಅದನ್ನು ನನಗೆ ಬಹಳ ನೊಂದವರಂತೆ ತಿಳಿಸಿದರು. ಆ ತಿಂಗಳೇ ಕೆಲಸ ಬಿಟ್ಟೆ. ರಾಮಮೂರ್ತಿ ನಗರದಲ್ಲಿ ಒಂದು ಚಿಕ್ಕ ಅಂಗಡಿ ಹಿಡಿದು ಪಾಸ್‌ಪೋರ್ಟ್ ಸೈಜ್ ಫೋಟೋದಿಂದ ಶುರು ಮಾಡಿದೆ. ಒಂದು ಮದುವೆಗೆ ಮೇನ್ ಕ್ಯಾಮೆರಾ ಆಗಿ ನಿಲ್ಲಲು ಮತ್ತೂ ಮೂರು ವರ್ಷ ಬೇಕಾಯಿತು.

ಈಗ ನನ್ನ ಬಳಿಯೂ ಕಲಿಯುವವರಿದ್ದಾರೆ. ನಾನು ಮೆತ್ತಗಿನ ಗುರುವಲ್ಲ. ಸೊಟ್ಟಗಿದ್ದರೆ ಸೊಟ್ಟ ಎಂದೇ ಹೇಳುತ್ತೇನೆ, ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಆದರೆ ಸೇರಿದ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತೇನೆ. ಫೋಟೋ ಬಗ್ಗೆ ಯಾರು ಏನೇ ಅಂದರೂ ಬಾಯಿ ಮುಚ್ಚಿಕೊಂಡು ಕೇಳಿ, ಅದು ಟೀಕೆ. ನೀವು ಮಾಡದ್ದನ್ನು ನಿಮ್ಮ ತಲೆಗೆ ಕಟ್ಟಿದರೆ ಅಲ್ಲೇ, ಆಗಲೇ, ಎಲ್ಲರ ಎದುರೇ ಅಲ್ಲ ಎನ್ನಿ. ಎದುರಿಗಿರುವವರು ಗುರುವೇ ಆಗಿರಲಿ. ನಿಜವೂ ಅನ್ನದ ಹಾಗೆ, ಮಾರನೆಯ ದಿನಕ್ಕೆ ಇಟ್ಟರೆ ಹಳಸಿಹೋಗುತ್ತದೆ, ಯಾರೂ ಮುಟ್ಟುವುದಿಲ್ಲ. ಈ ಪಾಠಕ್ಕೆ ನಾನು ಕೊಟ್ಟ ಶುಲ್ಕ ಆ ಒಂದು ಫೋಟೋ. ಇಷ್ಟು ವರ್ಷಗಳಲ್ಲಿ ಅಂಥದ್ದು ಇನ್ನೊಂದು ನನಗೆ ಸಿಕ್ಕಿಲ್ಲ.