ಮುಂಗೈಗೆ ಎರಡು ಸುತ್ತು

1976ರ ಜನವರಿ, ಒಂದು ಭಾನುವಾರ, ಬೆಳಿಗ್ಗೆ ಏಳೂಕಾಲು. ಕಾರವಾರದ ಬಳಿ, ದೋಣಿ ಕಟ್ಟುವ ಹಳೆಯ ಕಲ್ಲಿನ ಧಕ್ಕೆಯ ಮೇಲೆ, ತುದಿಯಿಂದ ಹತ್ತು ಹೆಜ್ಜೆ ಹಿಂದೆ ನಾನು ನಿಂತಿದ್ದೆ. ತುದಿಯಲ್ಲಿ ನನ್ನ ವಿದ್ಯಾರ್ಥಿ ದಸ್ತಗೀರ ನಿಂತಿದ್ದ. ನಮ್ಮಿಬ್ಬರ ನಡುವೆ ಯಾರೂ ಇರಲಿಲ್ಲ.

ಆಗ ನಾನು ವಿಜಯಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕ. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಸಮುದ್ರದ ಪ್ಲಾಂಕ್ಟನ್ ತೋರಿಸಬೇಕೆಂಬುದು ನನ್ನ ಹಟ. ಪ್ಲಾಂಕ್ಟನ್ ಎಂದರೆ ನೀರು ಒಯ್ದತ್ತ ತೇಲುವ ಜೀವಿಗಳು. ಹೆಚ್ಚಿನವು ಬರಿಗಣ್ಣಿಗೆ ಕಾಣುವುದಿಲ್ಲ. ಹಿಡಿಯುವ ಬಲೆ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ, ನಾವೇ ಮಾಡಿಕೊಂಡೆವು. ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಿಂದ ತೆಳು ನೈಲಾನ್ ಬಟ್ಟೆ ತಂದು, ಬಾಯಿ ಅಗಲವಾಗಿ ಬಾಲ ಕಿರಿದಾಗುವಂತೆ ಚೀಲ ಹೊಲಿಯಬೇಕು. ಬಾಯಿಗೆ ಹಳೆಯ ಜರಡಿಯ ಕಬ್ಬಿಣದ ಬಳೆ, ಬಾಲಕ್ಕೆ ಔಷಧದ ಬಾಟಲಿ. ದಸ್ತಗೀರ ತಿಕೋಟಾದ ಟೇಲರ್ ಹುಸೇನಸಾಬರ ಮಗ. ನಾಲ್ಕೂ ಬಲೆಗಳನ್ನು ಅಪ್ಪನ ಮಷಿನ್ನಿನ ಮೇಲೆ ಅವನೇ ಹೊಲಿದ, ಪ್ರತಿ ಅಂಚಿಗೂ ಎರಡೆರಡು ಸಲ.

ಹೊರಡುವ ವಾರ ಬಬಲೇಶ್ವರದಲ್ಲಿ, ಸಹಪಾಠಿ ಕಸ್ತೂರಿಯ ಮನೆಯ ಬಾವಿಯಲ್ಲಿ ಅಭ್ಯಾಸ ಮಾಡಿದೆವು. ಮೊದಲ ಸಲವೇ ದಸ್ತಗೀರನ ಕೈಯಿಂದ ಹಗ್ಗ ಜಾರಿ ಬಲೆ ತಳ ಸೇರಿತು.

“ನಾಲ್ಕ ತಾಸ ಕುಂತು ಹೊಲದಿದ್ದೆ ಯವ್ವಾ, ನಿಮ್ಮ ಬಾವಿ ಒಂದ ಗುಟುಕಿಗೆ ನುಂಗ್ತು!” ಎಂದ.

ಕಸ್ತೂರಿ ನಕ್ಕಳು. “ಸೂಜಿ ಹಿಡಿಯೂ ಕೈಗೆ ಹಗ್ಗ ಹೆಂಗ ಒಗ್ಗತೈತೊ? ತುದಿ ಮುಂಗೈಗಿ ಎರಡ ಸುತ್ತ ಸುತ್ಕೊ. ನಮ್ಮವ್ವ ಹಂಗ ಸೇದ್ತಾಳ. ಇಲ್ಲೀತನಕ ಒಂದ ಕೊಡ ಬಿಟ್ಟಿಲ್ಲ.”

ನಮ್ಮ ಕಡೆ ನೀರು ಸೇದುವವರೆಲ್ಲರ ರೂಢಿ ಅದು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. “ಎಲ್ಲಾರೂ ಕಸ್ತೂರಿ ಹಂಗ ಮಾಡ್ರಿ. ಉಳಿದಿದ್ದು ಮೂರ ಅವ,” ಎಂದೆ. ವಿದ್ಯಾರ್ಥಿಗಳಿಗೆ ಹಂಚಿದ ಸೂಚನೆಗಳ ಹಾಳೆಯಲ್ಲೂ ಮೂರನೆಯ ಸಾಲಾಗಿ ಬರೆದೆ: ಹಗ್ಗದ ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಳ್ಳಬೇಕು.

ಬಾವಿಯ ನೀರು ನಿಂತ ನೀರು. ಸಮುದ್ರದ್ದು ಓಡುವ ನೀರು. ಬಾಯ್ದೆರೆದ ಬಲೆ ಆ ಓಟಕ್ಕೆ ಸಿಕ್ಕರೆ ಹೂಡಿದ ಎತ್ತಿನಂತೆ ಎಳೆಯುತ್ತದೆ. ವಿದ್ಯಾರ್ಥಿಗಳು ಸಮುದ್ರ ಕಂಡಿರಲಿಲ್ಲ. ನಾನು ದಂಡೆಯಿಂದ ಎರಡು ಸಲ ನೋಡಿದ್ದೆ, ಅಷ್ಟೆ.

ಆ ಬೆಳಿಗ್ಗೆ ಮೊದಲು ಕಸ್ತೂರಿ ಬಲೆ ಎಳೆದಳು. ಬಾಟಲಿಯನ್ನು ಬಿಸಿಲಿಗೆ ಹಿಡಿದು, “ಸರ್, ಜ್ವಾಳದ ಹಿಟ್ಟಿಗೆ ಜೀವಾ ಬಂದಂಗ ಆಗೇತ್ರಿ!” ಎಂದಳು. ಅವಳು ಹಿಂದೆ ಸರಿದು ನನ್ನ ಪಕ್ಕಕ್ಕೆ ಬಂದಳು. ದಸ್ತಗೀರ ಎಡಗೈಗೆ ಎರಡು ಸುತ್ತು ಸುತ್ತಿಕೊಂಡು ಬಲೆ ಇಳಿಬಿಟ್ಟ. ಅಷ್ಟರಲ್ಲಿ ಇಳಿತದ ನೀರು ಜೋರಾಗಿತ್ತು. ಹಗ್ಗ ಬಿಗಿಯಿತು. ಅವನು ಬಲಗೈಯಿಂದ ಸುತ್ತು ಬಿಡಿಸಲು ನೋಡಿದ. ಒದ್ದೆ ಹಗ್ಗ ಬಿಡಲಿಲ್ಲ. ತಿರುಗಿ ನನ್ನನ್ನು ನೋಡಿದ. ನಾನು ಓಡಿದೆ. ಅವನ ಅಂಗಿ ನನ್ನ ಬೆರಳಿಗೆ ತಾಗಿತು. ಹಿಡಿತಕ್ಕೆ ಸಿಗಲಿಲ್ಲ. ಬಲೆ ಅವನನ್ನು ನೀರಿಗೆ ಎಳೆದುಕೊಂಡಿತು.

ಮೀನುಗಾರರು ಅವನನ್ನು ಮೇಲೆತ್ತಿದಾಗ ಉಸಿರಿರಲಿಲ್ಲ. ಹಗ್ಗ ಮುಂಗೈಯಲ್ಲೇ ಇತ್ತು. ಬಲೆಯ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

ಪಂಚನಾಮೆಯಲ್ಲಿ “ಕಾಲು ಜಾರಿ” ಎಂದು ಬರೆದರು. ಜೊತೆಗೆ ಬಂದಿದ್ದ ಹಿರಿಯ ಸಹೋದ್ಯೋಗಿ ನನ್ನನ್ನು ಬದಿಗೆ ಕರೆದು, “ಹಂಗ ಇರ್ಲಿ ಬಿಡ್ರಿ. ನಿಮ್ಮ ನೌಕರಿ ಉಳಿತೈತಿ, ಆ ಹುಡಿಗಿ ಹೆಸರೂ ಬರೂದಿಲ್ಲ,” ಎಂದರು. ನಾನು ಸಹಿ ಹಾಕಿದೆ.

ದಫನ್ ಮುಗಿದ ಮೇಲೆ ಹುಸೇನಸಾಬರು ನನ್ನನ್ನು ಕೇಳಿದ್ದು ಒಂದೇ ಮಾತು: “ಸರ್, ನನ್ನ ಮಗ ಬಾಳ ಜ್ವಾಕಿ ಮನಷ್ಯಾ ರೀ. ಕಾಲ ಹೆಂಗ ಜಾರ್ತು?”

ನಲವತ್ತನೆಯ ದಿನ ಆ ಸೂಚನೆಗಳ ಹಾಳೆ ಹಿಡಿದು ತಿಕೋಟಾದ ಬಸ್ಸು ಹತ್ತಿದೆ. ಅವರು ಮಷಿನ್ನಿನ ಮುಂದೆ ಕೂತಿದ್ದರು. ಕಾಲು ಜಾರಲಿಲ್ಲ ಎಂದೆ, ಮೂರನೆಯ ಸಾಲು ಓದಿದೆ, ಬರೆದವನು ನಾನೇ ಎಂದೆ. ಅವರು ಹೇಳಿದರು: “ಅಂದ್ರ ನೀವು ಹೇಳಿದ್ದನ್ನ ಹೇಳಿದಂಗ ಮಾಡ್ಯಾನ.” ಆಮೇಲೆ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತರು. ನಾನು ಎದ್ದು ಬಂದೆ. ಕಾಲೇಜಿಗೂ ಲಿಖಿತವಾಗಿ ತಿಳಿಸಿದೆ. ಅವರು ಅದನ್ನು ಫೈಲಿನಲ್ಲಿ ಇಟ್ಟರು.

ಮುಂದಿನ ವರ್ಷಗಳಲ್ಲಿ ಹೊಸ ಉಪಕರಣ ಯಾವುದೇ ಬರಲಿ, ಅದನ್ನು ಕೈಬಿಡುವುದು ಹೇಗೆಂದು ಮೊದಲು ಕಲಿಸಿ, ಆಮೇಲೆ ಹಿಡಿಯುವುದನ್ನು ಕಲಿಸಿದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಕಲಿತದ್ದು ಇನ್ನೊಬ್ಬರ ಮಗನಿಂದ.

ಅಂದು ಧಕ್ಕೆಯ ಮೇಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಇಬ್ಬರಿದ್ದಾರೆ. ಒಬ್ಬ ದಸ್ತಗೀರನ ಸಹಪಾಠಿ ಮಲ್ಲಪ್ಪ, ಜೈನಾಪುರದಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಇನ್ನೊಬ್ಬಳು ಕಸ್ತೂರಿ, ಬಬಲೇಶ್ವರದಲ್ಲಿದ್ದಾಳೆ. ತಪ್ಪು ತನ್ನದೆಂದೇ ಅವಳು ಇಷ್ಟು ವರ್ಷ ನಂಬಿದ್ದಾಳೆ. ಅದಕ್ಕೇ ಇದನ್ನು ಬರೆದೆ.