ಏನನ್ನು ಕೊಯ್ಯುತ್ತೀಯ, ಮಗಳೇ?

ಬೆಳಗಿನ ಆರು ಗಂಟೆ. ಮಧುಗಿರಿ ಬಸ್ ನಿಲ್ದಾಣದಲ್ಲಿ ಪಾವಗಡದ ಬಸ್ಸು ಹೊರಡಲು ಗುರುಗುಡುತ್ತಿದೆ. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತ ಕಮಲಾಕ್ಷಮ್ಮ ಡಬ್ಬಿ ತೆರೆದು ಚಪಾತಿ ಸುರುಳಿ ಸುತ್ತಿ ತಿನ್ನುತ್ತಿದ್ದಾರೆ. ತೊಡೆಯ ಮೇಲೆ ರಟ್ಟು ಸವೆದ ಉದ್ದನೆಯ ನೋಟ್‌ಬುಕ್. “ಈಗ್ಲೇ ತಿಂದ್ಬುಡ್ತೀನಿ ಕಣಮ್ಮ. ಅಲ್ಲಿಗೆ ಹೋದ್ಮೇಲೆ ಊಟಕ್ಕೆ ಕರೆಯೋ ಮನಸ್ಸು ಅವ್ರಿಗೂ ಇರಲ್ಲ, ತಿನ್ನೋ ಮನಸ್ಸು ನಂಗೂ ಇರಲ್ಲ” ಎನ್ನುತ್ತಾರೆ, ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಹೊರಟ ನನಗೆ.

ಐವತ್ತನಾಲ್ಕರ ಕಮಲಾಕ್ಷಮ್ಮ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕಿ. ಕಿವಿ ಕೇಳದ, ಮಾತು ತೊದಲುವ, ಕಲಿಕೆ ನಿಧಾನವಾದ ಮಕ್ಕಳಿಗೆ ಉಳಿದವರ ಜೊತೆಯಲ್ಲೇ ಪಾಠ ಸಿಗುವಂತೆ ನೋಡಿಕೊಳ್ಳುವುದು ಅವರ ಕೆಲಸ. ಯಾವ ಆದೇಶದಲ್ಲೂ ಇಲ್ಲದ ಇನ್ನೊಂದು ಕೆಲಸ ತಾನಾಗಿ ಹೆಗಲೇರಿದೆ. ಇಂಥ ಮಗುವೊಂದು ‘ಹೊಡೀತೀನಿ’, ‘ಸಾಯಿಸ್ತೀನಿ’ ಅಂದಿತು ಎಂದು ಶಾಲೆ ಗಾಬರಿಬಿದ್ದರೆ, ಅಪಾಯ ನಿಜವೇ ಎಂದು ಹೋಗಿ ನೋಡುವುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಕಡೆಯಿಂದ ಫೋನು ಬರುತ್ತದೆ. ಕಳೆದ ವರ್ಷ ಇಪ್ಪತ್ಮೂರು ಸಲ ಬಂದಿತ್ತು. ನಿಜಕ್ಕೂ ಹೆದರಬೇಕಾದದ್ದು ನಾಲ್ಕೇ. ಉಳಿದದ್ದೆಲ್ಲ ಇಲಿ ಹೋಯ್ತು ಅಂದರೆ ಹುಲಿ ಹೋಯ್ತು ಅಂದ ಕಥೆ.

ಇವತ್ತಿನ ಫೋನು ತಿರುಮಣಿ ಕಡೆಯ ಒಂದು ಸರ್ಕಾರಿ ಶಾಲೆಯದು. ಏಳನೇ ತರಗತಿಯ ವರಲಕ್ಷ್ಮಿಗೆ ಕಲಿಕೆ ನಿಧಾನ, ಮಾತಿನ ಬಾಲ ನುಂಗುವ ಅಭ್ಯಾಸ. ಮನೆಮಾತು ತೆಲುಗು. ಮೊನ್ನೆ ಶಾಲೆಯಲ್ಲಿ ಅವಳು ಅರ್ಧ ಬ್ಲೇಡು ಹಿಡಿದು “ಮಿಸ್ಸು ಕೋಸ್ತಾ” ಅಂದಳಂತೆ. ತೆಲುಗಿನ ‘ಕೋಸ್ತಾ’ ಅಂದರೆ ಕೊಯ್ಯುತ್ತೇನೆ. ಮಕ್ಕಳು ಓಡಿಹೋಗಿ, ಶಿರಾದಿಂದ ಬಂದು ಪಾಠ ಮಾಡುವ, ತೆಲುಗು ಬಾರದ ಶಿವರಂಜನಿ ಮೇಡಂಗೆ “ನಿಮ್ಮನ್ನ ಕುಯ್ತಾಳಂತೆ ಮಿಸ್” ಎಂದು ಕನ್ನಡ ಮಾಡಿ ಹೇಳಿದ್ದಾರೆ. ಸಂಜೆಯೊಳಗೆ ಊರೆಲ್ಲ ಅದೇ ಮಾತು.

ನಾವು ತಲುಪುವ ಹೊತ್ತಿಗೆ ಕಾಗದ ಸಿದ್ಧವಾಗಿದೆ. ವರಲಕ್ಷ್ಮಿ ಇನ್ನು ಶಾಲೆಗೆ ಬರುವುದು ಬೇಡ, ಮನೆಯಲ್ಲೇ ಪಾಠ ಸಾಕು. ಕಮಲಾಕ್ಷಮ್ಮನ ಸಹಿ ಒಂದೇ ಬಾಕಿ. “ಉಳಿದ ಮಕ್ಕಳೂ ನಮ್ಮೋರೇ ಅಲ್ವಾ ಮೇಡಂ? ನಾಳೆ ಏನಾದ್ರೂ ಆದ್ರೆ ಯಾರು ಹೊಣೆ?” ಎನ್ನುತ್ತಾರೆ ಮುಖ್ಯ ಶಿಕ್ಷಕ ರುದ್ರಮುನಿ. ಅವರ ಮಾತೂ ಸುಳ್ಳಲ್ಲ. ಮೇಜಿನ ಮೇಲಿನ ಬ್ಲೇಡು ನೋಡಿ ನನಗೂ ಸಹಿ ಹಾಕುವುದೇ ಸರಿ ಅನ್ನಿಸುತ್ತದೆ.

ಕಮಲಾಕ್ಷಮ್ಮ ಪೆನ್ನು ಮುಟ್ಟುವುದಿಲ್ಲ. ಒಮ್ಮೆ ಮುಟ್ಟಿ ಕೆಟ್ಟಿದ್ದಾರೆ. ಹದಿನೆಂಟು ವರ್ಷದ ಹಿಂದೆ, ಚನ್ನರಾಯನದುರ್ಗದ ಕಡೆ ತಿಪ್ಪೇರುದ್ರ ಎಂಬ ಮಾತು ತೊದಲುವ ಹುಡುಗನ ಮೇಲೆ ಇಂಥದೇ ದೂರು ಬಂದಿತ್ತು. ಎಲ್ಲರನ್ನೂ ಕೇಳಿ, ಅವನನ್ನೊಬ್ಬನನ್ನು ಕೇಳದೆ ಸಹಿ ಹಾಕಿದ್ದರು. ಅವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. “ಈಗ್ಲೂ ದಾರೀಲಿ ಸಿಕ್ರೆ ನಮಸ್ಕಾರ ಮೇಡಂ ಅಂತಾನೆ. ಆ ನಮಸ್ಕಾರ ತಗಳೋಕೆ ನಂಗೆ ಮುಖ ಇಲ್ಲ” ಎಂದು ಬಸ್ಸಿನಲ್ಲಿ ಹೇಳಿದ್ದರು. ನೋಟ್‌ಬುಕ್ ಹುಟ್ಟಿದ್ದು ಆಗಲೇ. ಮೊದಲ ಪುಟ ಮಗುವಿನ ಮಾತಿಗೆ, ಅದರ ಬಾಯಲ್ಲಿ ಬಂದ ಹಾಗೆಯೇ. ಉಳಿದವರ ಮಾತು ಆಮೇಲಿನ ಪುಟಗಳಲ್ಲಿ. “ಕೋಳಿ ಕೇಳಿ ಮಸಾಲೆ ಅರೀತಾರಾ ಅಂತಾರಲ್ಲ, ಇಲ್ಲಿ ಕೇಳ್ಲೇಬೇಕು.”

ವರಾಂಡದ ಕಂಬಕ್ಕೆ ಆತು ಕೂತ ಹುಡುಗಿಯ ಪಕ್ಕ, ನೆಲದ ಮೇಲೆ, ಅವರೂ ಕೂರುತ್ತಾರೆ. ನೋಟ್‌ಬುಕ್ಕಿನಲ್ಲಿ ಹೊಸದೊಂದು ಮೊದಲ ಪುಟ ತೆರೆದಿಡುತ್ತಾರೆ. ಆಮೇಲೆ ಮೆಲ್ಲಗೆ, “ಏಮಿ ಕೋಸ್ತಾವು ಪಾಪಾ?” ಏನನ್ನು ಕೊಯ್ಯುತ್ತೀಯ ಮಗಳೇ?

ವರಲಕ್ಷ್ಮಿ ಬಾಗಿಲಲ್ಲಿ ನಿಂತ ಶಿವರಂಜನಿಯ ಜಡೆಯ ಕಡೆ ಬೆರಳು ತೋರಿಸುತ್ತಾಳೆ. “ರೋಜಾಪೂ. ಮಿಸ್ಸುಕು.”

ಮಿಸ್ಸನ್ನಲ್ಲ, ಮಿಸ್ಸಿಗೆ. ನುಂಗಿಹೋದದ್ದು ಒಂದೇ ಅಕ್ಷರ, ‘ಕು’.

ಕೂಗಿ ಕರೆಸಿದ ತಾಯಿ ಕದರಮ್ಮ ಸೆರಗು ಹಿಂಡುತ್ತಲೇ ಹೇಳುತ್ತಾಳೆ: “ಮನೆ ಮುಂದೆ ಬಟನ್ ರೋಜಾ ಐತಕ್ಕ. ಮುಳ್ಳು ಚುಚ್ತದೆ ಅಂತ ನಾನೇ ಬ್ಲೇಡಲ್ಲಿ ಕುಯ್ಯೋದು ಕಲಿಸ್ದೆ. ಅದನ್ನೇ ಶಾಲೆಗೂ ತಂದವ್ಳೆ. ನನ್ನ ಯಾರೂ ಕೇಳ್ಲೇ ಇಲ್ಲ.”

ಶಿವರಂಜನಿಯ ಕಣ್ಣು ತುಂಬುತ್ತದೆ. ನನಗಂತೂ ನಾಚಿಕೆ. ಕಮಲಾಕ್ಷಮ್ಮ ಮಾತ್ರ ಕೆಲಸ ಮುಗಿಸಿಲ್ಲ. ಯಾರಾದರೂ ಹುಡುಗಿಯನ್ನು ಕಾಡಿಸುತ್ತಾರಾ, ಅವಳು ಹಿಂದೆ ಯಾರಿಗಾದರೂ ಹೊಡೆದಿದ್ದಾಳಾ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ. ಇಲ್ಲ ಎಂದು ಖಾತ್ರಿಯಾದ ಮೇಲೂ ಬ್ಲೇಡನ್ನು ಕದರಮ್ಮನ ಕೈಗೆ ಕೊಟ್ಟು, “ಹೂವಿಗಾದ್ರೂ ಬ್ಲೇಡು ಬ್ಲೇಡೇ. ಮನೇಲಿರ್ಲಿ, ಹೂ ಮಾತ್ರ ಬರ್ಲಿ” ಎನ್ನುತ್ತಾರೆ. ರುದ್ರಮುನಿ ಕಾಗದವನ್ನು ತಾವೇ ಹರಿದು ಹಾಕಿ, ಹಾಜರಿ ಪುಸ್ತಕ ತೆರೆದು ವರಲಕ್ಷ್ಮಿಯ ಹೆಸರು ಕೂಗುತ್ತಾರೆ. ಅವಳು “ಎಸ್ಸಾ” ಅನ್ನುತ್ತಾಳೆ, ಬಾಲ ನುಂಗಿಯೇ.

ಇದಾಗಿ ಎರಡು ವಾರ. ಅದೇ ಬಸ್ ನಿಲ್ದಾಣ, ಅದೇ ಡಬ್ಬಿ. ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಉತ್ತರ ಬರುವ ಮೊದಲೇ ಅವರ ಫೋನು ಹೊಡೆದುಕೊಳ್ಳುತ್ತದೆ. ಶಿವರಂಜನಿ. ಇನ್ನೊಬ್ಬ ಹುಡುಗನ ಮೇಲೆ ದೂರು ಬಂದಿದೆಯಂತೆ.

“ಇವತ್ತೇ ಬರ್ಲಾ?”

“ಬೇಡ ಮೇಡಂ. ಮೊದ್ಲು ಅವನನ್ನೇ ಕೇಳ್ದೆ. ಅವನ ಮಾತು ಹಂಗಂಗೇ ಬರ್ಕೊಂಡಿದೀನಿ. ಪೆನ್ಸಿಲ್ ಜಗಳ ಅಷ್ಟೇ, ಸರಿಹೋಯ್ತು. ಹೇಳೋಣ ಅಂತ ಫೋನ್ ಮಾಡ್ದೆ.”

ಕಮಲಾಕ್ಷಮ್ಮ ಫೋನನ್ನು ಚೀಲಕ್ಕೆ ಹಾಕಿ ಡಬ್ಬಿಯ ಮುಚ್ಚಳ ಹಾಕುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ.

“ನೀವು ಬರೋದು ಬೇಡ ಅಂದ್ರು ನೋಡಮ್ಮ. ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆ ಮಾತು ನಂಗೆ ಯಾರೂ ಹೇಳಿರ್ಲಿಲ್ಲ.”