ಮಾವನವರ ಬಿಲ್ಲೆ

ನನ್ನ ಮಾವನವರು ಯಶವಂತಪುರ ಸ್ಟೇಷನ್ನಿನಲ್ಲಿ ಮೂಟೆ ಹೊತ್ತವರು. ತೋಳಿಗೆ ಕಟ್ಟುತ್ತಿದ್ದ ಹಿತ್ತಾಳೆ ಬಿಲ್ಲೆ ಕೆಲಸ ಬಿಟ್ಟ ಮೇಲೂ ಅವರ ಹತ್ತಿರವೇ ಉಳಿದಿತ್ತು. ಕಣ್ಣು ಪೂರ್ತಿ ಹೋದ ಮೇಲೆ, ಅಮೃತಹಳ್ಳಿಯ ನಮ್ಮ ಮನೆಯ ಬಾಗಿಲಲ್ಲಿ ಕೂತು ಅದರ ಮೇಲೆ ಕೊರೆದಿದ್ದ ನಂಬರನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ನನ್ನ ಕಣ್ಣಿಗೆ ಅದು ಕಪ್ಪು ಹಿಡಿದ ತಗಡು, ಅಷ್ಟೆ.

ನಾದಿನಿಯ ಮಗಳ ಮದುವೆ ಗೊತ್ತಾಯಿತು. ಫೋಟೊಗೆ ಮಾವ ಆ ಬಿಲ್ಲೆ ಕಟ್ಟಿಕೊಂಡು ಕೂರಬೇಕು ಅಂತ ನನಗೆ ಆಸೆ. "ಪಟ್ಟಿ ಕಿತ್ತೋಗಿದೆ, ಹೊಲಿಸ್ಕೊಂಡ್ ಬರ್ತೀನಿ ಮಾವ," ಎಂದು ಇಸಿದುಕೊಂಡೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಮೇಲೆಲ್ಲ ಹೊಳಪು ಬಂತು, ಅಂಕಿಗಳ ಸಂದಿನ ಕಪ್ಪು ಮಾತ್ರ ಹೋಗಲಿಲ್ಲ. ಅಲ್ಲಿಗೇ ಬಿಡಬಹುದಿತ್ತು. ಬಿಡದೆ, ಯಶವಂತಪುರದಲ್ಲಿ ಹಿತ್ತಾಳೆ ದೀಪದ ಕಂಬಗಳಿಗೆ ಪಾಲಿಶ್ ಹಾಕುವವನ ಹತ್ತಿರ ಒಯ್ದೆ.

ಅವನು ಬಿಲ್ಲೆಯನ್ನು ತಿರುಗಿಸಿ ನೋಡಿದ. "ಅಕ್ಕಾ, ಇದು ಮೊದ್ಲೇ ಸವೆದಿದೆ. ಮಷಿನ್‌ಗೆ ಹಿಡಿದ್ರೆ ನಂಬರ್ ಅಳಿಸೋಗುತ್ತೆ. ಕೈಯಲ್ಲೇ ಒರೆಸಿ ಕೊಡ್ತೀನಿ."

"ಏನಾಗಲ್ಲ, ಹಾಕಿ. ಆ ದೀಪಗಳ ಥರಾನೇ ಹೊಳೀಬೇಕು," ಅಂದೆ.

ಹೊಳೆಯಿತು. ಮತ್ತೆ ಮಾಸದಿರಲಿ ಅಂತ ಮೇಲೆ ಲ್ಯಾಕರ್ ಮೆರುಗೆಣ್ಣೆ ಬೇರೆ ಹಾಕಿಸಿದೆ.

ಮನೆಗೆ ಬಂದು ಮಾವನ ಅಂಗೈಯಲ್ಲಿಟ್ಟೆ. ಅವರು ಮುಂದಕ್ಕೂ ಹಿಂದಕ್ಕೂ ತಿರುಗಿಸಿ ಸವರಿದರು.

"ಇದ್ಯಾರ್ದವ್ವಾ?"

"ನಿಮ್ದೇ ಮಾವ. ಪಾಲಿಶ್ ಮಾಡಿಸಿದೆ."

"ನಂಬರ್ ಎಲ್ಲೋಯ್ತು?"

"ಇದೆ ಮಾವ, ಸ್ವಲ್ಪ ನುಣ್ಣಗಾಗಿದೆ." ಸುಳ್ಳು ಹೇಳಿದೆ. ಓರೆಯಾಗಿ ಹಿಡಿದರೆ ನನಗೇ ಎರಡು ಗೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಆಗ್ಲಿ ಬಿಡವ್ವಾ, ಆಸೆಯಿಂದ ಮಾಡ್ಸಿದ್ದೀಯ," ಅಂದು ನನ್ನ ಕೈಗೇ ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಮದುವೆಯಲ್ಲಿ ನಾನು ಕಟ್ಟಿದಾಗ ಸುಮ್ಮನೆ ತೋಳು ಕೊಟ್ಟರು. ಆಮೇಲೆ ಒಂದು ದಿನವೂ ಅದನ್ನು ಕೇಳಲಿಲ್ಲ.

ನಾನು ಕೈಲಾದದ್ದು ಮಾಡಿದೆ. ಥಿನ್ನರ್ ಅದ್ದಿದ ಹತ್ತಿಯಿಂದ ಲ್ಯಾಕರ್ ತೆಗೆದೆ. ಬೇಯಿಸಿದ ಮೊಟ್ಟೆ ಒಡೆದು, ಅದರ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಹಿತ್ತಾಳೆ ಕಪ್ಪಾಗುತ್ತದೆ ಎಂದು ಯಾರೋ ಹೇಳಿದರು, ಹಾಗೂ ಇಟ್ಟೆ. ಹಳೆಯ ಬಣ್ಣ ಒಂದಿಷ್ಟು ಬಂತು. ಅಂಕಿ ಬರುತ್ತದೆಯೇ?

"ಹೊಸದಾಗಿ ನಂಬರ್ ಕೆತ್ತಿಸ್ಲಾ ಮಾವ?" ಎಂದು ಕೇಳಿದೆ.

"ಬ್ಯಾಡ. ಇಂಗೇ ಇರ್ಲಿ. ನಂಗೊತ್ತಲ್ಲ ನಂಬರು, ಸಾಕು."

ಯಾವ ನಂಬರು ಎಂದು ಆಗಲೇ ಕೇಳಬೇಕಿತ್ತು. ನಾಚಿಕೆಯಾಗಿ ಒಳಗೆ ಹೋದೆ.

ಹೋದ ವರ್ಷ ಮಾವ ತೀರಿಕೊಂಡರು. ಬಿಲ್ಲೆ ಬೀರುವಿನಲ್ಲಿದೆ. ಮೊದಲ ಅಂಕಿ ಎರಡು ಅಂತಾರೆ ನನ್ನ ಗಂಡ. ನನಗೆ ಏಳು ಅನ್ನಿಸುತ್ತದೆ. ಅಷ್ಟು ವರ್ಷ ಕಣ್ಣೆದುರಿಗೇ ಇತ್ತು, ಇಬ್ಬರೂ ಒಂದು ಸಲವಾದರೂ ಓದಿರಲಿಲ್ಲ.